1917ರ ಒಂದ್ ರೂಪಾಯಿ ನೋಟು ಸಿಕ್ಕಿದ್ರೆ ಅದನ್ನ ಓದೋದು ಹೇಗೆ, ಅಸಲಿ ಅಂತ ನೋಡೋದು ಹೇಗೆ

ಹಳೇ ಟ್ರಂಕು, ಲೆಕ್ಕದ ಪುಸ್ತಕ, ದೇವರಮನೆ ಡಬ್ಬ ಇಂಥ ಕಡೆ ಎಲ್ಲಾದ್ರೂ ಒಂದು ಹಳೇ ನೋಟು ಸಿಕ್ತು ಅಂದ್ರೆ ನಮ್ಮಲ್ಲಿ ಎಲ್ರೂ ಮಾಡೋದು ಒಂದೇ ಕೆಲ್ಸ, ಫೋಟೋ ಹೊಡೆದು ಫ್ಯಾಮಿಲಿ ಗ್ರೂಪಿಗೆ ಹಾಕಿ "ಇದಕ್ಕೆ ಎಷ್ಟು ಬರತ್ತೆ" ಅಂತ ಕೇಳೋದು. ಯಾರೋ ಒಬ್ರು ಹತ್ತು ಲಕ್ಷ ಅಂತಾರೆ, ಇನ್ನೊಬ್ರು ಯೂಟ್ಯೂಬ್ ಲಿಂಕ್ ಕಳಿಸ್ತಾರೆ, ಅಲ್ಲಿಗೆ ಕಥೆ ಮುಗೀತು. ರೇಟಿನ ವಿಷಯ ಕೊನೇಲಿ ಬರ್ತೀನಿ. ಅದಕ್ಕಿಂತ ಮುಂಚೆ ಆ ಕಾಗದದ ಮೇಲೆ ಏನಿದೆ, ಯಾಕಿದೆ ಅಂತ ಓದೋದು ಕಲ್ತ್ರೆ ರೇಟು ಹೇಳೋರು ಸುಳ್ಳು ಹೇಳ್ತಿದಾರಾ ನಿಜ ಹೇಳ್ತಿದಾರಾ ಅನ್ನೋದೂ ತಾನಾಗೇ ಗೊತ್ತಾಗತ್ತೆ. ನಾನಿಲ್ಲಿ ತಗೊಂಡಿರೋದು ಭಾರತದ ಮೊದಲ ಒಂದು ರೂಪಾಯಿ ನೋಟು, 1917ರ ನವೆಂಬರ್ 30ಕ್ಕೆ ಚಲಾವಣೆಗೆ ಬಂದಿದ್ದು. ಈ ನೋಟಲ್ಲಿ ಅಂದಕ್ಕೆ ಅಂತ ಹಾಕಿರೋದು ತುಂಬಾ ಕಮ್ಮಿ, ಹೆಚ್ಚುಕಮ್ಮಿ ಎಲ್ಲದರ ಹಿಂದೆನೂ ಬೆಳ್ಳಿ ಸಿಗ್ತಾ ಇಲ್ಲ ಅನ್ನೋ ತಲೆನೋವು ಇದೆ.

ಬೇಕಾಗೋ ಸಾಮಾನು ಜಾಸ್ತಿ ಏನಿಲ್ಲ. ಒಂದು ಭೂತಗನ್ನಡಿ (ಆಭರಣದ ಅಂಗಡಿಯವ್ರು ಕಣ್ಣಿಗೆ ಹಚ್ಕೋತಾರಲ್ಲ, ಆ ಲೂಪ್ ಇದ್ರೆ ಇನ್ನೂ ಒಳ್ಳೇದು), ಮೊಬೈಲ್ ಟಾರ್ಚು, ಆನ್‌ಲೈನಲ್ಲಿ ಸಿಗೋ ಒಂದು ಸಣ್ಣ ಯುವಿ ಟಾರ್ಚು, ತೊಳೆದು ಚೆನ್ನಾಗಿ ಒರೆಸ್ಕೊಂಡ ಕೈ. ಎಣ್ಣೆ ಕೈಯಲ್ಲಂತೂ ಮುಟ್ಟಲೇಬೇಡಿ.

ಮೊದಲು ನಿಮ್ಮ ಹತ್ರ ಇರೋದು ಅದೇ ನೋಟಾ ಅಂತ ನೋಡ್ಕೊಳಿ. ನೋಟಿನ ಮೇಲೆ ಎಲ್ಲಾದ್ರೂ ರಿಸರ್ವ್ ಬ್ಯಾಂಕ್ ಅಂತ ಇದ್ರೆ ಅದು 1917ರದ್ದಲ್ಲ, ಯಾಕಂದ್ರೆ ರಿಸರ್ವ್ ಬ್ಯಾಂಕ್ ಶುರುವಾಗಿದ್ದೇ 1935ರ ಏಪ್ರಿಲ್ 1ಕ್ಕೆ, ಅದರ ಹೆಸರಲ್ಲಿ ಮೊದಲ ನೋಟು ಬಂದಿದ್ದು 1938ರಲ್ಲಿ. ಅಶೋಕ ಸ್ತಂಭದ ಸಿಂಹ ಇದ್ರೆ ಸ್ವಾತಂತ್ರ್ಯ ಬಂದಮೇಲಿಂದು, 1949ರಿಂದ ಈಚೆಗೆ. ಜೆ. ಡಬ್ಲ್ಯೂ. ಕೆಲ್ಲಿ ಅಂತ ಸಹಿ ಇದ್ದು 1935 ಅಂತ ಇಸವಿ ಇದ್ರೆ ಅದೂ ಐದನೇ ಜಾರ್ಜ್ ನೋಟೇ, ಆದ್ರೆ ಎರಡನೇ ತಲೆಮಾರಿಂದು. ಸಿ. ಇ. ಜೋನ್ಸ್ ಸಹಿ ಇದ್ರೆ ಆರನೇ ಜಾರ್ಜ್ ಕಾಲದ್ದು, 1940ರ ಇಸವಿ ಇರತ್ತೆ. ಹಳೇ ಮನೆಗಳಲ್ಲಿ "ಬ್ರಿಟಿಷರ ಕಾಲದ ಒಂದ್ ರೂಪಾಯಿ" ಅಂತ ತೆಗೆದು ತೋರಿಸೋದು ಸಾಮಾನ್ಯವಾಗಿ ಈ 1940ರದ್ದೇ ಆಗಿರತ್ತೆ, ಅದು ಒಳ್ಳೇ ನೋಟೇ, ಬೇಜಾರು ಮಾಡ್ಕೋಬೇಡಿ, ಆದ್ರೆ 1917ರದ್ದಲ್ಲ.

1917ರದ್ದು ಹೇಗಿರತ್ತೆ ಅಂದ್ರೆ ಬಿಳಿ ಕೈಕಾಗದ, ಇಂಗ್ಲೆಂಡಲ್ಲಿ ಅಚ್ಚಾಗಿ ಹಡಗಲ್ಲಿ ಬಂದಿದ್ದು, ಯಾಕಂದ್ರೆ ಆಗ ಭಾರತದಲ್ಲಿ ನೋಟು ಅಚ್ಚು ಹಾಕೋ ಪ್ರೆಸ್ಸೇ ಇರ್ಲಿಲ್ಲ, ನಾಸಿಕ್‌ನಲ್ಲಿ ನೋಟು ಅಚ್ಚಾಗೋಕೆ ಶುರುವಾಗಿದ್ದು 1928ಕ್ಕೆ. ಮುಂಭಾಗದಲ್ಲಿ ಮೇಲೆ ಎಡಗಡೆ ಮೂಲೇಲಿ ಗುಂಡಗೆ ರಾಜನ ಚಿತ್ರ ಕಾಣತ್ತೆ ನೋಡಿ, ಕಿರೀಟ ಹಾಕ್ಕೊಂಡ ಐದನೇ ಜಾರ್ಜು. ಅದು ರಾಜನ ಭಾವಚಿತ್ರ ಅಂದ್ಕೊಂಡು ಮುಂದೆ ಹೋಗಬೇಡಿ. ಅದು ಬೆಳ್ಳಿ ರೂಪಾಯಿ ನಾಣ್ಯದ ಚಿತ್ರ. ಆಗ ಐದು, ಹತ್ತು ರೂಪಾಯಿ ನೋಟುಗಳ ಮೇಲೆ ರಾಜನ ಮುಖ ಇರ್ತಾನೇ ಇರ್ಲಿಲ್ಲ, ರಾಜನ ಭಾವಚಿತ್ರದ ನೋಟಿನ ಸರಣಿ ಶುರುವಾಗಿದ್ದು 1923ರ ಹತ್ತು ರೂಪಾಯಿಯಿಂದ. ಹಂಗಾದ್ರೆ ಸಣ್ಣ ಒಂದು ರೂಪಾಯಿಗೆ ಯಾಕೆ ಮೊದಲೇ ರಾಜ ಬಂದ? ಓದೋಕೆ ಬಾರದೋನ ಕೈಗೆ ಈ ಕಾಗದ ಕೊಟ್ಟು ಇದು ನಿಂಗೆ ಗೊತ್ತಿರೋ ಆ ಬೆಳ್ಳಿ ರೂಪಾಯಿನೇ ಕಣಯ್ಯ ಅಂತ ನಂಬಿಸ್ಬೇಕಿತ್ತು, ಅದಕ್ಕೆ ನಾಣ್ಯವನ್ನೇ ಬರೆದು ಅಂಟಿಸಿದ ಹಾಗೆ ಹಾಕಿದ್ರು. ನನ್ನ ಪ್ರಕಾರ ಇಡೀ ನೋಟಿನ ಕಥೆ ಆ ಮೂಲೇಲೇ ಇದೆ.

ಆ ನಾಣ್ಯದ ಬಗ್ಗೆ ಒಂದು ಪಕ್ಕದ ಮಾತು. 1911ರಲ್ಲಿ ಐದನೇ ಜಾರ್ಜ್ ರೂಪಾಯಿ ಮೊದಲು ಬಂದಾಗ ರಾಜನ ನಿಲುವಂಗಿ ಮೇಲಿದ್ದ ಆನೆ ಚಿತ್ರ ಜನರ ಕಣ್ಣಿಗೆ ಹಂದಿ ತರ ಕಾಣಿಸಿ ದೊಡ್ಡ ಗಲಾಟೆ ಆಗಿ, ನಾಣ್ಯ ವಾಪಸ್ ತಗೊಂಡು 1912ರಿಂದ ಆನೆ ಸರಿಯಾಗಿ ಕೆತ್ತಿ ಮತ್ತೆ ಹೊಡೆದ್ರು. ನಾಣ್ಯ ಸಂಗ್ರಹ ಮಾಡೋರು ಈಗ್ಲೂ ಅದನ್ನ ಪಿಗ್ ರುಪೀ ಅಂತಾನೇ ಕರೀತಾರೆ. ಸರ್ಕಾರಕ್ಕೆ ಜನ ದುಡ್ಡಿನ ಮೇಲಿನ ಚಿತ್ರವನ್ನ ಎಷ್ಟು ಹತ್ತಿರದಿಂದ ನೋಡ್ತಾರೆ ಅನ್ನೋ ಪಾಠ ಅಲ್ಲೇ ಸಿಕ್ಕಿತ್ತು.

ಈಗ ಬೆಳ್ಳಿ ಲೆಕ್ಕ. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಪೆನ್ನು ಪೇಪರ್ ತಗೊಂಡು ನೀವೇ ಮಾಡಿ ನೋಡಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಈ ಲೆಕ್ಕ ಅರ್ಥ ಆದ್ರೆ ನೋಟು ಯಾಕೆ ಬಂತು ಅನ್ನೋದಕ್ಕೆ ಬೇರೆ ವಿವರಣೆನೇ ಬೇಡ. ಆಗಿನ ರೂಪಾಯಿ ನಾಣ್ಯದ ತೂಕ 180 ಗ್ರೇನು, ಅಂದ್ರೆ ಸರಿಯಾಗಿ ಒಂದು ತೊಲ, ಈಗಿನ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ, ಅಂದ್ರೆ 165 ಗ್ರೇನು. ಲಂಡನ್ ಮಾರ್ಕೆಟ್ಟಲ್ಲಿ ಬೆಳ್ಳಿ ರೇಟು ಹೇಳ್ತಿದ್ದಿದ್ದು ಸ್ಟ್ಯಾಂಡರ್ಡ್ ಔನ್ಸಿಗೆ ಇಷ್ಟು ಪೆನ್ಸ್ ಅಂತ, ಒಂದು ಸ್ಟ್ಯಾಂಡರ್ಡ್ ಔನ್ಸಲ್ಲಿ 444 ಗ್ರೇನು ಶುದ್ಧ ಬೆಳ್ಳಿ. ಹಂಗಾಗಿ ರೇಟನ್ನ 165ರಿಂದ ಗುಣಿಸಿ 444ರಿಂದ ಭಾಗಿಸಿದ್ರೆ ಒಂದು ರೂಪಾಯಿ ನಾಣ್ಯ ಕರಗಿಸಿದ್ರೆ ಎಷ್ಟು ಪೆನ್ಸ್ ಬೆಳ್ಳಿ ಸಿಗತ್ತೆ ಅಂತ ಬರತ್ತೆ. ಇನ್ನೊಂದು ಕಡೆ ಸರ್ಕಾರ ರೂಪಾಯಿಗೆ ಕಟ್ಟಿದ್ದ ಬೆಲೆ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸ್, ಶಿಲ್ಲಿಂಗಿಗೆ ಹನ್ನೆರಡು ಪೆನ್ಸ್, ಒಟ್ಟು 16 ಪೆನ್ಸ್.

1915ರಲ್ಲಿ ಬೆಳ್ಳಿ ರೇಟು 27 ಪೆನ್ಸ್ ಆಸುಪಾಸು ಇತ್ತು. ಲೆಕ್ಕ ಹಾಕಿ, ನಾಣ್ಯದೊಳಗಿನ ಬೆಳ್ಳಿ ಬರೀ 10 ಪೆನ್ಸ್. ಹತ್ತು ಪೆನ್ಸ್ ಬೆಳ್ಳಿ ಹಾಕಿ ಹದಿನಾರು ಪೆನ್ಸಿನ ರೂಪಾಯಿ ಹೊಡೆದ್ರೆ ಸರ್ಕಾರಕ್ಕೆ ಲಾಭ, ಯಾರಿಗೂ ನಾಣ್ಯ ಕರಗಿಸೋ ಆಸೆ ಇಲ್ಲ, ಎಲ್ಲ ಚೆನ್ನಾಗಿದೆ. 1917ರ ಆಗಸ್ಟಿಗೆ ರೇಟು 43 ಪೆನ್ಸ್ ಆಯ್ತು. ಗುಣಿಸಿ ಭಾಗಿಸಿ ನೋಡಿ, 16 ಪೆನ್ಸ್ ಬರತ್ತೆ, ಅಂದ್ರೆ ನಾಣ್ಯವೂ ಬೆಳ್ಳಿಯೂ ಸಮ. ಸೆಪ್ಟೆಂಬರಲ್ಲಿ 55 ಪೆನ್ಸ್ ಮುಟ್ತು, ಈಗ ನಾಣ್ಯ ಕರಗಿಸಿದ್ರೆ 20 ಪೆನ್ಸಿಗೂ ಸ್ವಲ್ಪ ಮೇಲೆ. ಕುಲುಮೆ ಇದ್ದೋನಿಗೆ ಪ್ರತಿ ರೂಪಾಯಿಗೂ ಲಾಭ, ಟಂಕಸಾಲೆಗೆ ಪ್ರತಿ ರೂಪಾಯಿಗೂ ನಷ್ಟ. ಸರ್ಕಾರ ಆಗಸ್ಟ್ ಕೊನೇಲಿ ರೂಪಾಯಿ ಬೆಲೆಯನ್ನ ಒಂದು ಶಿಲ್ಲಿಂಗ್ ಐದು ಪೆನ್ಸಿಗೆ ಏರಿಸ್ತು, ನಾಣ್ಯ ಕರಗಿಸೋದನ್ನ ನಿಷೇಧ ಮಾಡ್ತು, ಬೆಳ್ಳಿ ಹೊರಗೆ ಕಳಿಸೋದನ್ನ ತಡೀತು, ಖಾಸಗಿಯವ್ರು ಬೆಳ್ಳಿ ತರಿಸೋದನ್ನೂ ನಿಲ್ಲಿಸ್ತು. ಆದ್ರೆ ನಿಷೇಧ ಅಂದ್ಮೇಲೆ ಜನ ಇನ್ನೂ ಗಟ್ಟಿಯಾಗಿ ಮುಚ್ಚಿಡ್ತಾರೆ, ಅದು ಯಾವ ಕಾಲದಲ್ಲೂ ಅಷ್ಟೇ.

ಬೆಳ್ಳಿ ಯಾಕೆ ಏರ್ತು ಅಂದ್ರೆ, ಜಗತ್ತಿನ ದೊಡ್ಡ ಬೆಳ್ಳಿ ಗಣಿಗಳಿದ್ದ ಮೆಕ್ಸಿಕೋದಲ್ಲಿ ಆಗ ಕ್ರಾಂತಿ ನಡೀತಿತ್ತು, ಉತ್ಪಾದನೆ ಕುಸಿದಿತ್ತು, ಚೀನಾದವ್ರೂ ಬೆಳ್ಳಿ ಕೊಳ್ತಿದ್ರು, ಯುದ್ಧದಲ್ಲಿದ್ದ ದೇಶಗಳಿಗೆಲ್ಲ ಚಿಲ್ಲರೆ ನಾಣ್ಯ ಬೇಕಿತ್ತು. ಭಾರತಕ್ಕೆ ಮಾತ್ರ ಅಷ್ಟೊಂದು ರೂಪಾಯಿ ಯಾಕೆ ಬೇಕಾಯ್ತು ಅನ್ನೋದು ಬೇರೆ ಕಥೆ. ಮೊದಲನೇ ಮಹಾಯುದ್ಧಕ್ಕೆ ಇಲ್ಲಿಂದ ಸೆಣಬಿನ ಚೀಲ, ಗೋಧಿ, ಚರ್ಮ ಎಲ್ಲ ಹೋಗ್ತಿತ್ತು, ಮೆಸಪೊಟೇಮಿಯಾದಲ್ಲಿ (ಈಗಿನ ಇರಾಕ್) ಹೋರಾಡ್ತಿದ್ದ ಭಾರತೀಯ ಸೈನಿಕರ ಸಂಬಳ ಖರ್ಚು ಎಲ್ಲ ಬ್ರಿಟನ್ ಪರವಾಗಿ ಭಾರತ ಸರ್ಕಾರ ಇಲ್ಲಿಂದ ಕೊಡ್ತಿತ್ತು. ಆ ಕಡೆಯಿಂದ ಬರಬೇಕಾದ ಸಾಮಾನು ಬರ್ತಿಲ್ಲ, ಹಡಗಿಲ್ಲ, ಚಿನ್ನವೂ ಬರ್ತಿಲ್ಲ, ಬ್ರಿಟನ್ ಲಂಡನ್ನಲ್ಲಿ ಪೌಂಡ್ ಲೆಕ್ಕ ಬರೆದಿಡತ್ತೆ ಅಷ್ಟೇ. ಇಲ್ಲಿ ಸೆಣಬು ಬೆಳೆದ ರೈತನಿಗೆ ಲಂಡನ್ ಲೆಕ್ಕ ಬೇಡ, ಕೈಯಲ್ಲಿ ಠಣ್ ಅನ್ನೋ ರೂಪಾಯಿ ಬೇಕು. ಟಂಕಸಾಲೆ ಎಷ್ಟು ಹೊಡೆದ್ರೂ ಹಳ್ಳಿಗಳು ಕುಡಿದುಬಿಡ್ತಿದ್ವು.

ಆಗಿನವರೆಗೂ ಇದ್ದ ಸಣ್ಣ ನೋಟು ಅಂದ್ರೆ ಐದು ರೂಪಾಯಿಂದು. ಐದು ರೂಪಾಯಿ ಅಂದ್ರೆ ಕೂಲಿ ಮಾಡೋರು ಕೈಯಲ್ಲಿ ಹಿಡಿಯೋ ದುಡ್ಡೇ ಅಲ್ಲ. ಬೆಳ್ಳಿ ಉಳಿಸ್ಬೇಕು ಅಂದ್ರೆ ನಾಣ್ಯ ಓಡಾಡ್ತಿದ್ದ ಜಾಗಕ್ಕೇ ಕಾಗದ ಇಳೀಬೇಕಿತ್ತು, ಹಂಗಾಗಿ ಒಂದು ರೂಪಾಯಿ ನೋಟು.

ಈಗ ಮತ್ತೆ ನೋಟಿಗೆ ಬನ್ನಿ, ಮಧ್ಯದ ಸಾಲು ಓದಿ. ಭಾರತ ಸರ್ಕಾರದ ಹೆಸರು, ಅದರ ಕೆಳಗೆ ಈ ನೋಟು ತಂದವರಿಗೆ ಕೇಳಿದ ತಕ್ಷಣ ಯಾವುದೇ ವಿತರಣಾ ಕಚೇರಿಯಲ್ಲಿ ಒಂದು ರೂಪಾಯಿ ಕೊಡ್ತೀನಿ ಅನ್ನೋ ಅರ್ಥದ ಇಂಗ್ಲಿಷ್ ವಾಗ್ದಾನ. "ಯಾವುದೇ ಕಚೇರಿ" ಅನ್ನೋದು ಸುಮ್ನೆ ಬಂದಿದ್ದಲ್ಲ. 1861ರ ಕಾಯ್ದೆ ಪ್ರಕಾರ ಸರ್ಕಾರಿ ನೋಟು ಶುರುವಾದಾಗ ದೇಶವನ್ನ ಸರ್ಕಲ್‌ಗಳಾಗಿ ಹಂಚಿದ್ರು, ಮದ್ರಾಸ್ ಸರ್ಕಲ್ಲಿನ ನೋಟಿಗೆ ಕಲ್ಕತ್ತಾದಲ್ಲಿ ನಾಣ್ಯ ಕೊಡ್ತಿರ್ಲಿಲ್ಲ. ಅದನ್ನ ಒಂದೊಂದಾಗಿ ಸಡಿಲ ಮಾಡ್ಕೊಂಡು ಬಂದ್ರು, ಐದು ರೂಪಾಯಿ 1903ರಲ್ಲಿ (ಬರ್ಮಾ ಬಿಟ್ಟು), ಹತ್ತು ಮತ್ತು ಐವತ್ತು 1910ರಲ್ಲಿ, ನೂರು 1911ರಲ್ಲಿ. ಒಂದು ರೂಪಾಯಿ ಹುಟ್ಟಿದಾಗಲೇ ಎಲ್ಲ ಕಡೆ ನಡೆಯೋ ನೋಟಾಗಿ ಹುಟ್ತು. ವಾಗ್ದಾನ ಮಾಡಿರೋದು ಬೆಳ್ಳಿ ನಾಣ್ಯವನ್ನ ಅನ್ನೋದು ಮರೀಬೇಡಿ, ಬೆಳ್ಳಿ ಇಲ್ಲ ಅಂತ ಹೊರಡಿಸಿದ ನೋಟಿನ ಮೇಲೆ ಕೇಳಿದ್ರೆ ಬೆಳ್ಳಿ ಕೊಡ್ತೀವಿ ಅಂತ ಬರೆದಿದಾರೆ. ಎಲ್ರೂ ಒಟ್ಟಿಗೆ ಬಂದು ಕೇಳಲ್ಲ ಅನ್ನೋ ಧೈರ್ಯ ಅದು.

1918ರ ಮೊದಲ ಅರ್ಧದಲ್ಲಿ ಆ ಧೈರ್ಯ ಹೆಚ್ಚುಕಮ್ಮಿ ಮುರಿದೇ ಹೋಗಿತ್ತು. ಯುರೋಪಿಂದ ಜರ್ಮನಿ ಮುನ್ನುಗ್ತಾ ಇದೆ ಅನ್ನೋ ಸುದ್ದಿ ಬಂದ ಹಾಗೆ ಬಾಂಬೆ ಕರೆನ್ಸಿ ಆಫೀಸ್ ಮುಂದೆ ಜನ ನೋಟು ಹಿಡ್ಕೊಂಡು ನಾಣ್ಯಕ್ಕೆ ನಿಂತ್ರು, ಸರ್ಕಾರದ ಖಜಾನೇಲಿದ್ದ ರೂಪಾಯಿ ಜೂನ್ ಹೊತ್ತಿಗೆ ನಾಲ್ಕು ಕೋಟಿ ಚಿಲ್ಲರೆಗೆ ಇಳೀತು. ಊರ ಕಡೆ ನೋಟು ಮುರಿಸ್ಬೇಕು ಅಂದ್ರೆ ಬಟ್ಟಾ ಕೊಡ್ಬೇಕಿತ್ತು, ಅಂದ್ರೆ ಒಂದು ರೂಪಾಯಿ ನೋಟಿಗೆ ಹದಿನಾರಾಣೆ ಪೂರ್ತಿ ಸಿಗ್ತಿರ್ಲಿಲ್ಲ. ಕಾಪಾಡಿದ್ದು ಅಮೆರಿಕ. ಅಲ್ಲಿನ ಖಜಾನೇಲಿ ಬೆಳ್ಳಿ ಡಾಲರ್ ನಾಣ್ಯಗಳು ರಾಶಿ ಬಿದ್ದಿದ್ವು, 1918ರ ಏಪ್ರಿಲ್ 23ರ ಪಿಟ್‌ಮನ್ ಕಾಯ್ದೆ ಮಾಡಿ ಅವನ್ನ ಕರಗಿಸಿ ಭಾರತಕ್ಕೆ 20 ಕೋಟಿ ಔನ್ಸ್ ಬೆಳ್ಳಿ ಮಾರಿದ್ರು. ನಮ್ಮ 165 ಗ್ರೇನ್ ಲೆಕ್ಕ ಇಲ್ಲೂ ಹಾಕಿ ನೋಡಿ (ಶುದ್ಧ ಔನ್ಸಿಗೆ 480 ಗ್ರೇನು), ಸುಮಾರು 58 ಕೋಟಿ ರೂಪಾಯಿ ನಾಣ್ಯಕ್ಕೆ ಸಾಕಾಗೋಷ್ಟು ಬೆಳ್ಳಿ. ಅಂದ್ರೆ ನಿಮ್ಮ ಮುತ್ತಜ್ಜಿ ಕಾಲ್ಗೆಜ್ಜೆ 1918-20ರ ರೂಪಾಯಿ ಕರಗಿಸಿ ಮಾಡ್ಸಿದ್ದಾದ್ರೆ ಅದರಲ್ಲಿ ಅಮೆರಿಕನ್ ಡಾಲರ್ ಇರೋ ಸಾಧ್ಯತೆ ಇದೆ! ಅದೇ ಸಮಯಕ್ಕೆ ಸರ್ಕಾರ ಚಿಲ್ಲರೆಯಿಂದನೂ ಬೆಳ್ಳಿ ತೆಗೀತಾ ಬಂತು, 1918ರಲ್ಲಿ ಎರಡಾಣೆ, 1919ರಲ್ಲಿ ನಾಲ್ಕಾಣೆ ಎಂಟಾಣೆ ಎಲ್ಲ ನಿಕಲ್ ಮಿಶ್ರಲೋಹದ್ದಾಯ್ತು. ನೋಟಿನ ಜೊತೆ ಆ ನಿಕಲ್ ಎಂಟಾಣೆ ಸಿಕ್ಕಿದ್ರೆ ಎರಡನ್ನೂ ಒಟ್ಟಿಗೆ ಇಡಿ, ಒಂದೇ ಕಥೆಯ ಎರಡು ತುಂಡು.

ಚಲಾವಣೇಲಿದ್ದ ಒಟ್ಟು ನೋಟು 1914ರ ಮಾರ್ಚಲ್ಲಿ ಸುಮಾರು 66 ಕೋಟಿ ರೂಪಾಯಿ ಇದ್ದಿದ್ದು 1919ರ ಮಾರ್ಚಿಗೆ 153 ಕೋಟಿ ಆಗಿತ್ತು. ಬೆಳ್ಳಿ ಚಿನ್ನ ಹಿಂದಿಟ್ಕೊಳ್ದೆ ಬರೀ ಸಾಲಪತ್ರದ ಆಧಾರದ ಮೇಲೆ ನೋಟು ಹೊರಡಿಸೋ ಮಿತಿ 14 ಕೋಟಿ ಇತ್ತು, ಯುದ್ಧದ ವರ್ಷಗಳಲ್ಲೂ ಅದು ಮುಗಿದ ಮೇಲೂ ಕಾಯ್ದೆ ಮೇಲೆ ಕಾಯ್ದೆ ಮಾಡಿ 1919ರಲ್ಲಿ ಅದನ್ನ 120 ಕೋಟಿಗೆ ತಂದ್ರು. ಬೆಲೆ ಏರಿಕೆ ಬಗ್ಗೆ ನಾನು ಬೇರೆ ಹೇಳೋದೇನೂ ಬೇಕಾಗಿಲ್ಲ ಬಿಡಿ.

ಸಹಿಗೆ ಬನ್ನಿ. ಈ ನೋಟಿನ ಮೇಲೆ ಮೂರು ಜನರ ಸಹಿ ಸಿಗತ್ತೆ, ಎಂ. ಎಂ. ಎಸ್. ಗುಬ್ಬೆ, ಎ. ಸಿ. ಮೆಕ್‌ವಾಟರ್ಸ್, ಎಚ್. ಡೆನ್ನಿಂಗ್, ಒಂದು ನೋಟಲ್ಲಿ ಒಬ್ಬರದ್ದು. ಗುಬ್ಬೆ ಮೊದಲಿನವ್ರು, ಡೆನ್ನಿಂಗ್ ಕೊನೆಯವ್ರು. ಮೂರನ್ನೂ ಜನ 1917ರ ನೋಟು ಅಂತಾನೇ ಕರೀತಾರೆ, ಆದ್ರೆ ನಿಮ್ಮದು ಯುದ್ಧದ ಬಿಸಿಯಲ್ಲಿ ಬಂದಿದ್ದಾ ಅಥವಾ ಇಪ್ಪತ್ತರ ದಶಕದಲ್ಲಿ ನಿಧಾನಕ್ಕೆ ಬಂದಿದ್ದಾ ಅಂತ ಹೇಳೋದು ಸಹಿ ಮಾತ್ರ. ಮಾರೋಕೆ ಹೋದಾಗ್ಲೂ ಮೊದಲು ಕೇಳೋದು ಸಹಿ ಯಾರದ್ದು ಅಂತಾನೇ, ಹಂಗಾಗಿ ಭೂತಗನ್ನಡಿ ಹಿಡಿದು ಓದಿ ಒಂದು ಚೀಟಿಲಿ ಬರೆದಿಟ್ಕೊಳಿ.

ಎಡಗಡೆ ಅಂಚು ನೋಡಿ. ಅಂಚೆಚೀಟಿ ಹರಿದ ಹಾಗೆ ಸಣ್ಣ ಹಲ್ಲು ಇದ್ರೆ ಗಾಬರಿ ಆಗ್ಬೇಡಿ, ಹರಿದು ಹಾಳಾಗಿದ್ದಲ್ಲ. ಈ ನೋಟುಗಳನ್ನ 25ರ ಪುಸ್ತಕ ಮಾಡಿ ಕೊಡ್ತಿದ್ರು, ಚೆಕ್ ಬುಕ್ ತರ, ಬೇಕಾದಾಗ ಒಂದೊಂದು ಹರ್ಕೊಳೋದು. ಆ ಹಲ್ಲು ಪೂರ್ತಿ ಇದ್ರೆ ಒಳ್ಳೇದು. ಯಾರಾದ್ರೂ ಚಂದ ಕಾಣ್ಲಿ ಅಂತ ಕತ್ತರಿಲಿ ನೀಟಾಗಿ ಕತ್ತರಿಸಿದ್ರೆ ಅಲ್ಲಿಗೆ ಅರ್ಧ ಬೆಲೆ ಹೋಯ್ತು ಅಂದ್ಕೊಳಿ. ಇಪ್ಪತ್ತೈದೂ ಹರೀದೆ ಇರೋ ಪುಸ್ತಕ ಇದ್ರೆ ದಯವಿಟ್ಟು ಯಾರಿಗೂ ಒಂದೊಂದು ಹರಿದು ಹಂಚ್ಬೇಡಿ.

ಹಿಂದೆ ತಿರುಗಿಸಿ. ಆಗಿನ ಐದು, ಹತ್ತು ರೂಪಾಯಿ ನೋಟಿಗೆ ಹಿಂಭಾಗ ಖಾಲಿ, ಒಂದೇ ಕಡೆ ಅಚ್ಚು. ಈ ಸಣ್ಣ ನೋಟಿಗೆ ಮಾತ್ರ ಎರಡೂ ಕಡೆ ಅಚ್ಚು, ಹಿಂದೆ ಎಂಟು ಭಾಷೇಲಿ ಬೆಲೆ. ಅದರಲ್ಲಿ ಕನ್ನಡವೂ ಇದೆ, ಬರ್ಮೀಸೂ ಇದೆ, ಯಾಕಂದ್ರೆ ಬರ್ಮಾ ಆಗ ಬ್ರಿಟಿಷ್ ಭಾರತದ ಭಾಗ. ಕನ್ನಡ ಹಾಕಿದ್ದು ಯಾರ ಮೇಲೂ ಪ್ರೀತಿ ಬಂದು ಅಲ್ಲ, ಧಾರವಾಡ ಬೆಳಗಾವಿ ಬಿಜಾಪುರ ಕಾರವಾರ ಎಲ್ಲ ಬಾಂಬೆ ಪ್ರೆಸಿಡೆನ್ಸಿ, ಬಳ್ಳಾರಿ ಮಂಗಳೂರು ಮದ್ರಾಸ್ ಪ್ರೆಸಿಡೆನ್ಸಿ, ಮೈಸೂರು ಸಂಸ್ಥಾನದಲ್ಲೂ ಬ್ರಿಟಿಷ್ ಭಾರತದ ದುಡ್ಡೇ ನಡೀತಿದ್ದಿದ್ದು, ಸಂತೇಲಿ ಈ ಕಾಗದ ನಡೀಬೇಕು ಅಂದ್ರೆ ಸಂತೆ ಭಾಷೇಲಿ ಬರೀಲೇಬೇಕು. ಹತ್ತಿರದಿಂದ ಒಂದು ಫೋಟೋ ತೆಗೀರಿ, ಆ ಕಾಲದಲ್ಲಿ ಇಂಗ್ಲೆಂಡಲ್ಲಿ ಕೂತು ಅಚ್ಚು ಹಾಕಿದ ಕನ್ನಡ ಅಕ್ಷರ ನೋಡೋಕೇ ಒಂದು ಮಜಾ.

ಇದರ ಅಣ್ಣನೋ ತಮ್ಮನೋ ಅನ್ನೋ ಹಾಗೆ ಇನ್ನೊಂದು ನೋಟಿದೆ, 1918ರ ಜನವರಿ 2ಕ್ಕೆ ಬಂದ ಎರಡು ರೂಪಾಯಿ ಎಂಟಾಣೆ ನೋಟು. ಎರಡೂವರೆ ರೂಪಾಯಿ! ಈಗ ಕೇಳೋಕೆ ವಿಚಿತ್ರ, ಆದ್ರೆ ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ ಐದರ ಅರ್ಧ ಎರಡೂವರೆ, ಅಂದ್ರೆ ನಲವತ್ತಾಣೆ, ತೀರಾ ಸಹಜ ಮೊತ್ತ. ಸಹಿ ಗುಬ್ಬೆಯವರದ್ದು, ನಂಬರಿನ ಜೊತೆ ಸರ್ಕಲ್ ಅಕ್ಷರ ಇರತ್ತೆ, ಎ ಅಂದ್ರೆ ಕಾನ್‌ಪುರ, ಬಿ ಬಾಂಬೆ, ಸಿ ಕಲ್ಕತ್ತಾ, ಕೆ ಕರಾಚಿ, ಎಲ್ ಲಾಹೋರ್, ಎಂ ಮದ್ರಾಸ್, ಆರ್ ರಂಗೂನ್. ಇದು ಒಂದು ರೂಪಾಯಿಗಿಂತ ತುಂಬಾ ಅಪರೂಪ. ಮನೇಲಿ ಸಿಕ್ಕಿದ್ರೆ ಆ ದಿನ ಯಾರ ಮಾತೂ ಕೇಳಿ ಯಾವ ನಿರ್ಧಾರಾನೂ ತಗೋಬೇಡಿ.

ಹಡಗಿನ ಕಥೆ ಒಂದು ಹೇಳ್ಬಿಡ್ತೀನಿ. ಅಚ್ಚಾದ ನೋಟು ಯುದ್ಧದ ಸಮುದ್ರ ದಾಟ್ಕೊಂಡು ಬರ್ಬೇಕಿತ್ತಲ್ಲ, 1918ರ ಜುಲೈ 2ಕ್ಕೆ ಲಂಡನ್ನಿಂದ ಬಾಂಬೆಗೆ ಹೊರಟಿದ್ದ ಶಿರಾಲಾ ಅನ್ನೋ ಹಡಗಿಗೆ ಇಂಗ್ಲೆಂಡಿನ ದಕ್ಷಿಣ ತೀರದ ಹತ್ರಾನೇ ಜರ್ಮನ್ ಜಲಾಂತರ್ಗಾಮಿ ಟಾರ್ಪಿಡೋ ಹೊಡೀತು. ಒಳಗಿದ್ದ ನೋಟಿನ ಕಂತೆ ತೇಲ್ಕೊಂಡು ದಡಕ್ಕೆ ಬಂದ್ವು, ಸಹಿ ಹಾಕದ ಐದು ಹತ್ತು ರೂಪಾಯಿ, ಸಹಿ ಇರೋ ಒಂದು ರೂಪಾಯಿ. ಬಹುಪಾಲು ಹುಡುಕಿ ನಾಶ ಮಾಡಿ ಮತ್ತೆ ಅಚ್ಚು ಹಾಕಿದ್ರು, ಆದ್ರೂ ಕೆಲವು ಯಾರ್ಯಾರದೋ ಕೈಯಲ್ಲಿ ಉಳ್ಕೊಂಡ್ವು. 2024ರಲ್ಲಿ ಲಂಡನ್ನಲ್ಲಿ ಆ ಹಡಗಿನ ಎರಡು ಹತ್ತು ರೂಪಾಯಿ ನೋಟು ಹರಾಜಿಗೆ ಬಂದಾಗ ನಮ್ಮ ಪೇಪರ್‌ಗಳಲ್ಲೂ ಸುದ್ದಿ ಆಗಿತ್ತು. ಹಂಗಂತ ನೀರಿನ ಕಲೆ ಇರೋ ನೋಟೆಲ್ಲ ಶಿರಾಲಾದ್ದು ಅಂತ ಮಾರೋರು ಬಂದ್ರೆ ನಂಬ್ಬೇಡಿ, ನಮ್ಮ ಮಳೆಗಾಲಕ್ಕೆ ಯಾವ ಟ್ರಂಕೂ ಕಲೆ ಇಲ್ದೆ ಉಳಿಯಲ್ಲ.

1926ರ ಜನವರಿ 1ಕ್ಕೆ ಎರಡೂ ನೋಟು ಹೊರಡಿಸೋದು ನಿಲ್ಲಿಸಿದ್ರು. ಕಾರಣ ಖರ್ಚು. ಒಂದು ರೂಪಾಯಿ ಅಂದ್ರೆ ಕೈಯಿಂದ ಕೈಗೆ ಹೋಗಿ ಬೇಗ ಹಾಳಾಗತ್ತೆ, ಇಂಗ್ಲೆಂಡಿಂದ ಮತ್ತೆ ಮತ್ತೆ ತರಿಸ್ಬೇಕು, ಬೆಳ್ಳಿ ನಾಣ್ಯ ಮಾತ್ರ ವರ್ಷಗಟ್ಲೆ ಓಡಾಡತ್ತೆ. 1920ರ ಫೆಬ್ರವರಿಲಿ ಬೆಳ್ಳಿ 89 ಪೆನ್ಸ್ ದಾಟಿತ್ತು, ಆಮೇಲೆ ಬಿದ್ದುಹೋಯ್ತು, ಬೆಳ್ಳಿ ಅಗ್ಗ ಆದ್ಮೇಲೆ ಕಾಗದದ ರೂಪಾಯಿಗೆ ಏನು ಕೆಲ್ಸ.

ಎರಡನೇ ಮಹಾಯುದ್ಧ ಬಂದಾಗ 1940ರ ಆಗಸ್ಟಲ್ಲಿ ಒಂದು ರೂಪಾಯಿ ನೋಟು ಮತ್ತೆ ಬಂತು, ಇಲ್ಲೊಂದು ವ್ಯತ್ಯಾಸ ಕಣ್ಣಿಟ್ಟು ನೋಡಿ. 1940ರ ನೋಟಲ್ಲಿ ವಾಗ್ದಾನದ ಸಾಲೇ ಇಲ್ಲ. ಕಾನೂನು ಪ್ರಕಾರ ಆ ನೋಟೇ ರೂಪಾಯಿ ನಾಣ್ಯ, ಅದನ್ನ ಕೊಟ್ಟು ಬೆಳ್ಳಿ ಕೇಳೋ ಹಕ್ಕಿಲ್ಲ. ಅದೇ ವರ್ಷ ನಾಣ್ಯದ ಬೆಳ್ಳೀನೂ ಅರ್ಧಕ್ಕೆ ಇಳಿಸಿದ್ರು. 1917ರಲ್ಲಿ ಕೈ ಸುಟ್ಕೊಂಡಿದ್ದಕ್ಕೆ ಕಲ್ತ ಬುದ್ಧಿ ಅದು ಅಂತ ನಂಗನ್ಸತ್ತೆ. ಈಗಿನ ಒಂದು ರೂಪಾಯಿ ನೋಟು ಇದ್ರೆ ತೆಗೆದು ನೋಡಿ, ಅದರಲ್ಲೂ ವಾಗ್ದಾನ ಇಲ್ಲ, ಭಾರತ ಸರ್ಕಾರ ಅಂತ ಇರತ್ತೆ, ಹಣಕಾಸು ಕಾರ್ಯದರ್ಶಿ ಸಹಿ ಇರತ್ತೆ, ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರಲ್ಲ. ಎರಡೂ ಪಕ್ಕ ಪಕ್ಕ ಇಟ್ಟು ಮಕ್ಕಳಿಗೆ ತೋರಿಸಿ, ಎಕನಾಮಿಕ್ಸ್ ಪಾಠ ಬೇಗ ತಲೆಗೆ ಹೋಗತ್ತೆ.

ಅಸಲಿನಾ ನಕಲಿನಾ ಅಂತ ನೋಡೋದು ಹೀಗೆ. ಟಾರ್ಚ್ ಹಿಂದಿಟ್ಟು ಬೆಳಕಿಗೆ ಹಿಡೀರಿ, ಕಿರಣ ಬಿಟ್ಟ ನಕ್ಷತ್ರದ ವಾಟರ್‌ಮಾರ್ಕ್ ಕಾಗದದ ಒಳಗೆ ಕಾಣ್ಬೇಕು. ಕೆಲವು ನೋಟಲ್ಲಿ ನಕ್ಷತ್ರ ಸುಮ್ನೆ ಇರತ್ತೆ, ಕೆಲವು ನೋಟಲ್ಲಿ ಚೌಕದ ಒಳಗೆ ಇರತ್ತೆ, ಎರಡೂ ಸರಿನೇ. ಬೆಳಕಿಲ್ದೆ ಮೇಲಿಂದಾನೇ ನಕ್ಷತ್ರ ಬೂದು ಬಣ್ಣದಲ್ಲಿ ಎದ್ದು ಕಂಡ್ರೆ ಅದು ಅಚ್ಚು ಹಾಕಿದ್ದು, ನಕಲಿ. ಆಮೇಲೆ ಕತ್ತಲೆ ಕೋಣೇಲಿ ಯುವಿ ಟಾರ್ಚ್ ಬಿಡಿ. ಈಗಿನ ಪ್ರಿಂಟರ್ ಪೇಪರ್‌ಗೆ ಬೆಳ್ಳಗೆ ಕಾಣ್ಲಿ ಅಂತ ಹೊಳಪಿನ ರಾಸಾಯನಿಕ ಹಾಕಿರ್ತಾರೆ, ಅದು ನೀಲಿಯಾಗಿ ಹೊಳೆಯತ್ತೆ, 1917ರ ಕೈಕಾಗದದಲ್ಲಿ ಅದಿಲ್ಲ, ಮಂಕಾಗೇ ಇರ್ಬೇಕು. ಪೂರ್ತಿ ನೀಲಿ ಹೊಳೆದ್ರೆ ಮುಂದೆ ನೋಡೋದೇ ಬೇಡ. ಮೂರನೇದು, ಲೂಪಲ್ಲಿ ಅಕ್ಷರದ ಅಂಚು ನೋಡಿ, ಅಸಲಿಲಿ ಗೆರೆ ಗಟ್ಟಿಯಾಗಿ ಒಂದೇ ಬಣ್ಣದಲ್ಲಿರತ್ತೆ, ಕಲರ್ ಪ್ರಿಂಟ್ ಹೊಡೆದಿದ್ರಲ್ಲಿ ಕೆಂಪು ನೀಲಿ ಹಳದಿ ಸಣ್ಣ ಸಣ್ಣ ಚುಕ್ಕಿ ಕಾಣ್ತವೆ. ಚಹಾ ನೀರಲ್ಲಿ ಅದ್ದಿ ಹಳೇದು ಮಾಡಿರೋದನ್ನೂ ಮಾರ್ತಾರೆ, ಅದರ ಕಂದು ಬಣ್ಣ ಎಲ್ಲ ಕಡೆ ಒಂದೇ ಸಮ ಇರತ್ತೆ, ನಿಜವಾದ ಹಳೇ ನೋಟು ಮಡಿಕೆ ಇದ್ದ ಕಡೆ ಜಾಸ್ತಿ ಕೊಳೆಯಾಗಿ ಬೇರೆ ಕಡೆ ಕಮ್ಮಿ ಇರತ್ತೆ. ಸಣ್ಣ ಪಿನ್ನಿನ ತೂತು ಇದ್ರೆ ಅನುಮಾನ ಪಡ್ಬೇಡಿ, ಆಗ ಕಂತೆ ಕಟ್ಟೋಕೆ ಪಿನ್ನು ಚುಚ್ಚೋದು ಮಾಮೂಲು.

ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ ಕಡೆಯವ್ರಿಗೆ ಒಂದು ಮಾತು. ನಿಮ್ಮ ಮನೇಲಿ ಸಿಗೋದು ಬೇರೆ ನೋಟೇ ಆಗಿರ್ಬಹುದು, ನಿಜಾಮರ ಉಸ್ಮಾನಿಯಾ ಸಿಕ್ಕಾ. ಅದೇ ಬೆಳ್ಳಿ ಬರ, ಅದೇ ಯುದ್ಧ, 1918ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೂ ನೋಟು ಹೊರಡಿಸೋ ಅನುಮತಿ ಸಿಕ್ತು, ಮೊದಲು ಹತ್ತು ಮತ್ತು ನೂರು, 1919ರಲ್ಲಿ ಒಂದು ಮತ್ತು ಐದು. ಇದರ ಮೇಲೆ ರಾಜ ಜಾರ್ಜ್ ಇರಲ್ಲ, ಉರ್ದು ದೊಡ್ಡದಾಗಿರತ್ತೆ, ಜೊತೆಗೆ ಕನ್ನಡ, ತೆಲುಗು, ಮರಾಠಿ, ಇಂಗ್ಲಿಷ್ ಇರತ್ತೆ, ಇಸವಿ ಫಸಲಿ ಲೆಕ್ಕದಲ್ಲಿರತ್ತೆ (ನಿಜಾಮರ ಸರ್ಕಾರ ಬಳಸ್ತಿದ್ದ ವರ್ಷಗಣನೆ). ಇಂಥ ನೋಟಿನ ಕಂತೆಗಳೂ 1922ರಲ್ಲಿ ಈಜಿಪ್ಟ್ ಅನ್ನೋ ಹಡಗಿನ ಜೊತೆ ಫ್ರಾನ್ಸ್ ತೀರದಲ್ಲಿ ಮುಳುಗಿ, 1930ರ ದಶಕದಲ್ಲಿ ಇಟಲಿಯ ಮುಳುಗುಗಾರರು ಚಿನ್ನ ಹುಡುಕ್ತಾ ಹೋದಾಗ ಮೇಲೆ ಬಂದ್ವು. ಫಸಲಿ ಇಸವಿಗೆ 590 ಕೂಡಿಸಿದ್ರೆ ಹೆಚ್ಚುಕಮ್ಮಿ ನಮ್ಮ ಇಸವಿ ಸಿಗತ್ತೆ.

ಇನ್ನು ಜೋಪಾನ ಮಾಡೋದು. ಲ್ಯಾಮಿನೇಷನ್ ಮಾಡಿಸ್ಬೇಡಿ, ಅದು ಮಾಡಿಸಿದ್ರೆ ನೋಟು ಸತ್ತ ಹಾಗೆ. ಸೆಲ್ಲೋಟೇಪ್ ಹಚ್ಬೇಡಿ, ಇಸ್ತ್ರಿ ಹಾಕ್ಬೇಡಿ, ಸೋಪು ನೀರಲ್ಲಿ ತೊಳೀಬೇಡಿ, ಕೊಳೆ ಇದ್ರೆ ಇರ್ಲಿ ಬಿಡಿ. ಅಂಗಡೀಲಿ ಸಿಗೋ ಮೆತ್ತಗಿನ ಪಿವಿಸಿ ಕವರ್ ವರ್ಷ ಕಳೆದಂಗೆ ಜಿಗುಟಾಗಿ ಕಾಗದಕ್ಕೆ ಅಂಟತ್ತೆ, ಅದರ ಬದಲು ಪಾಲಿಯೆಸ್ಟರ್ ಕವರ್ (ಮೈಲಾರ್ ಅಂತ ಕೇಳಿ) ತಗೊಳಿ. ಕರಾವಳಿ ಮಲೆನಾಡಿನವ್ರು ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬ ಮುಚ್ಚಿಡಿ, ನುಸಿಗುಳಿಗೆ ಮಾತ್ರ ನೋಟಿಗೆ ತಾಗೋ ಹಾಗೆ ಇಡ್ಬೇಡಿ.

ಮಾರೋ ಮನಸ್ಸಿದ್ರೆ ಮೊದಲು ಸ್ಥಿತಿ ನೋಡ್ಕೊಳಿ, ಮಡಿಕೆನೇ ಇಲ್ದೆ ಗರಿಗರಿ ಇರೋದಕ್ಕೂ ನಾಲ್ಕು ಮಡಿಕೆ ಬಿದ್ದು ಮೂಲೆ ಸವೆದಿರೋದಕ್ಕೂ ಬೆಲೆ ಹತ್ತಾರು ಪಟ್ಟು ವ್ಯತ್ಯಾಸ ಆಗತ್ತೆ. ಹಳೇ ಹರಾಜುಗಳಲ್ಲಿ ಅದೇ ಸಹಿ, ಅದೇ ಸ್ಥಿತಿಯ ನೋಟು ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ನೋಡಿ, ಮಾರೋನು ಕೇಳೋ ರೇಟು ನೋಡ್ಬೇಡಿ, ಕೇಳೋಕೆ ಏನು, ಕೋಟಿನೂ ಕೇಳ್ಬಹುದು. ನೋಟು ಕೊಳ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸು, ಟ್ಯಾಕ್ಸು, ಕಮಿಷನ್ ಕಳಿಸಿ ಅಂತ ರಿಸರ್ವ್ ಬ್ಯಾಂಕ್ ಹೆಸರು ಹೇಳ್ಕೊಂಡು ಫೋನ್ ಬಂದ್ರೆ ಕಟ್ ಮಾಡಿ, ರಿಸರ್ವ್ ಬ್ಯಾಂಕೇ 2021ರ ಆಗಸ್ಟಲ್ಲಿ ಪ್ರಕಟಣೆ ಕೊಟ್ಟು ನಾವು ಇಂಥ ವ್ಯವಹಾರದಲ್ಲಿಲ್ಲ, ಯಾರಿಂದಲೂ ಫೀಸು ಕೇಳಲ್ಲ ಅಂತ ಹೇಳಿದೆ. ವಿದೇಶದಲ್ಲಿರೋ ಮಗನ ಕೈಲಿ ಕಳಿಸಿ ಅಲ್ಲಿ ಮಾರಿಸೋಣ ಅನ್ನೋ ಐಡಿಯಾ ಇದ್ರೆ 1972ರ ಪ್ರಾಚ್ಯವಸ್ತು ಕಾಯ್ದೆ ನೆನಪಿರ್ಲಿ, ನೂರು ವರ್ಷ ದಾಟಿದ ಐತಿಹಾಸಿಕ ವಸ್ತು ದೇಶದಿಂದ ಹೊರಗೆ ತಗೊಂಡು ಹೋಗೋದು ಖಾಸಗಿಯವ್ರಿಗೆ ನಿಷೇಧ, ಗುಬ್ಬೆ ಸಹಿಯ ನೋಟಿಗೆ ನೂರು ತುಂಬಿ ಎಷ್ಟೋ ಕಾಲ ಆಯ್ತು. ಇಲ್ಲೇ, ಬೆಂಗಳೂರಲ್ಲಿ ನಾಣ್ಯ ಪ್ರದರ್ಶನ ನಡೆದಾಗ ತಗೊಂಡು ಹೋಗಿ ಎರಡು ಮೂರು ಟೇಬಲ್ಲಲ್ಲಿ ತೋರ್ಸಿ, ಮೊದಲನೇ ಟೇಬಲ್ಲಲ್ಲಿ ಹೇಳಿದ ರೇಟಿಗೆ ಕೊಟ್ಟು ಬರ್ಬೇಡಿ.